ಕರತಲದ ನೀರು, ಕೆರೆಯ ನೀರು

ಪ್ರಾತಃಕಾಲದಲ್ಲಿ ಮಿಂದು, ವಿಭೂತಿ ಧರಿಸಿ, ಕರಪೀಠದಲ್ಲಿ ಇಷ್ಟಲಿಂಗವನ್ನಿರಿಸಿ ಪೂಜಿಸುವ ಭಕ್ತನು ಪಾದೋದಕವನ್ನು ಸ್ವೀಕರಿಸುವಾಗ ಒಂದು ಹನಿಯೂ ನೆಲಕ್ಕೆ ಬೀಳದಂತೆ ಎಚ್ಚರ ವಹಿಸುವನು. ಅದು ಯೋಗ್ಯವೇ ಸರಿ. ಆದರೆ ಆ ನೀರು ಪೂಜೆಯ ಬಟ್ಟಲಿಗೆ ಬರುವ ಮೊದಲು ಎಲ್ಲಿದ್ದಿತು? ಊರ ಬಾವಿಯಲ್ಲಿದ್ದಿತು, ಬಾವಿಗೆ ಕೆರೆಯಿಂದ ಇಂಗಿ ಬಂದಿತು, ಕೆರೆಗೆ ಮಳೆಯಾಗಿ ಇಳಿದು ಬಂದಿತು. ಕರತಲದಲ್ಲಿ ಪಾವನವಾದ ನೀರು ಕೆರೆಯಲ್ಲಿರುವಾಗ ಅನಾದರಕ್ಕೆ ಪಾತ್ರವಾಗುವುದು ಎಂತಹ ಭಕ್ತಿ?

ಈ ಪ್ರಶ್ನೆಗೆ ಸಿದ್ಧರಾಮೇಶ್ವರರ ಜೀವನವೇ ಉತ್ತರವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಅವರು ಕೆರೆಯನ್ನು ಕಟ್ಟಿಸಿದರು. ಅದು ಮಳೆ ಕಡಮೆಯಾದ ಬಯಲುಸೀಮೆ. ಅಲ್ಲಿ ಹರಿದುಹೋಗುವ ಮಳೆನೀರನ್ನು ತಡೆದು ನಿಲ್ಲಿಸುವುದೆಂದರೆ ಪ್ರಾಣವನ್ನೇ ತಡೆದು ನಿಲ್ಲಿಸಿದಂತೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ಸೆಲೆಯೊಡೆಯುತ್ತದೆ. ಬೇಸಗೆಯಲ್ಲಿ ಎತ್ತಿದ ಹೂಳು ಹೊಲಕ್ಕೆ ಸಾರವಾಗುತ್ತದೆ. ಕುಡಿಯಬಂದ ದನವನ್ನೂ ಹಕ್ಕಿಯನ್ನೂ ಕೆರೆಯು ಕುಲ ಕೇಳುವುದಿಲ್ಲ. ಇದಕ್ಕಿಂತ ದೊಡ್ಡ ದಾಸೋಹವಾವುದು?

ಆದರೂ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಸಿದ್ಧರಾಮರನ್ನು ಕಟುವಾಗಿ ಪರೀಕ್ಷಿಸಿದರೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಕೆರೆಯನ್ನು ಕಟ್ಟಿದುದು ತಪ್ಪೆಂಬುದು ಪ್ರಭುಗಳ ಅಭಿಪ್ರಾಯವೆಂದು ಭಾವಿಸಬಾರದು. ‘ನಾನು ಕಟ್ಟಿದೆ’ ಎಂಬ ಭಾವವು ಉಳಿದಿರುವವರೆಗೆ ಪುಣ್ಯಕಾರ್ಯವೂ ಬಂಧನವೇ ಎಂಬುದು ಅಲ್ಲಿಯ ತಿರುಳು. ಮಳೆಯನ್ನು ಸುರಿಸಿದವರಾರು? ನೀರನ್ನು ಹೊತ್ತುನಿಂತ ನೆಲವನ್ನು ಮಾಡಿದವರಾರು? ಮನುಷ್ಯನು ಹಾಕಿದುದು ಒಂದು ಏರಿ ಮಾತ್ರ. ಈ ಅರಿವು ಮೂಡಿದ ಮೇಲೆ ಸಿದ್ಧರಾಮರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. ಕಾಯಕವು ಅರಿವಿನೊಡನೆ ಕೂಡಿತು. ಅವರು ಕಟ್ಟಿಸಿದ ಕೆರೆಯು ಸಿದ್ಧೇಶ್ವರ ಗುಡಿಯ ಸುತ್ತ ಇಂದಿಗೂ ಉಂಟು.

ಇಂದು ಅನೇಕ ಊರುಗಳ ಕೆರೆಗಳಲ್ಲಿ ಹೂಳು ತುಂಬಿದೆ. ಕಸವೂ ಚರಂಡಿಯೂ ಅಲ್ಲಿಗೇ ಸೇರುತ್ತಿವೆ. ಕೊಳವೆಬಾವಿ ಇರುವಾಗ ಕೆರೆಯ ಚಿಂತೆಯೇಕೆ ಎಂಬವರುಂಟು. ಕೊಳವೆಬಾವಿಯು ಹೊಸ ನೀರನ್ನು ಹುಟ್ಟಿಸುವುದಿಲ್ಲ. ಹಿಂದಿನ ಮಳೆಗಳು ನೆಲದೊಳಗೆ ಇರಿಸಿದ ನಿಧಿಯನ್ನು ಮೇಲಕ್ಕೆತ್ತುತ್ತದೆ, ಅಷ್ಟೆ. ಇಂಗಿದುದಕ್ಕಿಂತ ಹೆಚ್ಚು ಎತ್ತಿದರೆ ಮೊದಲು ನೆರೆಯವನ ಬಾವಿ ಬತ್ತುತ್ತದೆ, ಆಮೇಲೆ ತನ್ನದೂ ಬತ್ತುತ್ತದೆ. ಪಡೆದು ಮರಳಿ ಸಲ್ಲಿಸದವನು ದಾಸೋಹಕ್ಕೆ ತಪ್ಪಿದವನು. ಅವನ ಮನೆಯ ಪೂಜೆ ಎಷ್ಟು ವೈಭವದ್ದಾದರೂ ಆ ಋಣ ತೀರದು.

ಗೃಹಸ್ಥನಾದ ಭಕ್ತನಿಗೆ ಇದು ಅಸಾಧ್ಯವಾದ ವ್ರತವಲ್ಲ. ಮಾಳಿಗೆಯ ಮಳೆನೀರನ್ನು ಬೀದಿಗೆ ಬಿಡದೆ ನೆಲಕ್ಕೆ ಇಂಗಿಸುವುದು, ಹೊಲದ ಬದುವನ್ನು ಭದ್ರಪಡಿಸುವುದು, ಊರವರೊಡನೆ ಕೂಡಿ ಬೇಸಗೆಯಲ್ಲಿ ಕೆರೆಯ ಹೂಳೆತ್ತುವುದು, ಕೆರೆಗೆ ಹೊಲಸನ್ನು ಬಿಡದಿರುವುದು: ಇವೆಲ್ಲವೂ ಕಾಯಕವೇ. ಹೀಗೆ ಮಾಡಿಯೂ ‘ಮಾಡಿದೆ’ನೆಂಬ ಹಮ್ಮನ್ನು ಬಿಟ್ಟರೆ ಅದೇ ಲಿಂಗಪೂಜೆ. ಪ್ರಕೃತಿಯು ಮನುಷ್ಯನ ಸೊತ್ತಲ್ಲ; ಶಿವನು ಸಕಲ ಜೀವಿಗಳಿಗೂ ಒಟ್ಟಾಗಿ ಬಡಿಸಿದ ಪ್ರಸಾದ. ಪ್ರಸಾದವನ್ನು ಬೇಕಾದಷ್ಟೇ ಸ್ವೀಕರಿಸಬೇಕು, ಚೆಲ್ಲಬಾರದು, ಹಂಚಿ ಉಣ್ಣಬೇಕು. ಕರತಲದ ಹನಿಯಲ್ಲಿ ಕಂಡ ಶಿವನನ್ನು ಊರ ಕೆರೆಯಲ್ಲಿಯೂ ಕಾಣುವವನೇ ನಿಜವಾದ ಭಕ್ತನು.