ಹೊಂಡದ ಮೀನಿಗೆ ಪ್ರೋಬಯಾಟಿಕ್ ಕೊಡುವ ಮುನ್ನ

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ಇಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ ಬಿಟ್ಟವರು ಮೇವಿಗೆ ಪ್ರೋಬಯಾಟಿಕ್ ಬೆರೆಸಬೇಕೇ ಎಂದು ಯೋಚಿಸುವುದು ಸಹಜ. ಬೆರೆಸಿ, ಆದರೆ ಅದರ ಮಿತಿ ಅರಿತು ಬೆರೆಸಿ. ಅದರಲ್ಲಿರುವ ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್‌ನಂಥ ಒಳ್ಳೆಯ ಜೀವಾಣುಗಳು ಮೀನಿನ ಕರುಳಲ್ಲಿ ರೋಗಾಣುಗಳಿಗೆ ಜಾಗ ಸಿಗದಂತೆ ಮಾಡುತ್ತವೆ, ಮೇವು ಅರಗಲು ನೆರವಾಗುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್ ತಿಂದ ರೋಹು ಮೀನು ಏರೊಮೊನಾಸ್ ಸೋಂಕನ್ನು ಹೆಚ್ಚು ತಡೆದುಕೊಂಡದ್ದು ನಮ್ಮ ದೇಶದ ಪ್ರಯೋಗಗಳಲ್ಲೇ ಕಂಡಿದೆ. ಅಂದರೆ ಇದು ರೋಗ ಬರುವ ಮೊದಲೇ ಕೊಡಬೇಕಾದ ಕಾವಲು. ಸಾಯುತ್ತಿರುವ ಮೀನನ್ನು ಉಳಿಸುವ ಮದ್ದಲ್ಲ.

ಹಾಗಿದ್ದರೆ ಆಂಟಿಬಯಾಟಿಕ್ಕೇ ವಾಸಿಯಲ್ಲವೇ ಎನ್ನುವವರಿದ್ದಾರೆ. ಅದು ಒಳ್ಳೆಯ ಜೀವಾಣುಗಳನ್ನೂ ಕೊಲ್ಲುತ್ತದೆ, ಉಳಿದ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ಗಳಂತೂ ಮೀನು-ಸೀಗಡಿ ಸಾಕಣೆಯಲ್ಲಿ ನಿಷಿದ್ಧ. ಮನೆಯ ಮೊಸರು ಸಾಲದೇ ಎಂಬ ಮಾತೂ ಇದೆ. ಮೊಸರಲ್ಲಿ ಜೀವಾಣುಗಳಿವೆ ನಿಜ, ಆದರೆ ಯಾವುವು, ಎಷ್ಟು ಎಂಬ ಖಾತರಿಯಿಲ್ಲ. ಹೆಚ್ಚಾಗಿ ಸುರಿದರೆ ನೀರೇ ಕೆಡುತ್ತದೆ. ನಮ್ಮ ಸೀಮೆಯ ದೊಡ್ಡ ಆತಂಕವೂ ನೀರೇ. ಬೇಸಿಗೆಯಲ್ಲಿ ಹೊಂಡ ತಗ್ಗಿ ನೀರು ಕಾದಾಗ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಬ್ಯಾಸಿಲಸ್‌ಗೂ ಆಮ್ಲಜನಕ ಬೇಕು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಪ್ರೋಬಯಾಟಿಕ್ ಪುಡಿ ಸುರಿಯಬೇಡಿ. ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಿ. ಉಳಿದ ದಿನಗಳಲ್ಲಿ ಪೊಟ್ಟಣದ ಮೇಲಿನ ಅವಧಿ, ಅಳತೆ ನೋಡಿ, ತಣ್ಣಗಿನ ಮೇವಿಗೆ ಸ್ವಲ್ಪ ಎಣ್ಣೆಯೊಂದಿಗೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಹಾಕಿಬಿಡಿ.