ಬಿಸಿಲಿನಲ್ಲಿ ದುಡಿಯುವವರ ಚರ್ಮರಕ್ಷಣೆಗೆ ಒಂದೆಲಗ, ಲೋಳೆಸರ

ಎತ್ತು, ನೇಗಿಲು, ಪಂಪುಗಳ ಆರೈಕೆಗೆ ಕೊಡುವಷ್ಟು ಗಮನವನ್ನು ರೈತರು ತಮ್ಮ ಮೈಚರ್ಮಕ್ಕೆ ಕೊಡುವುದಿಲ್ಲ. ಗದ್ದೆಯ ಕೆಸರು, ಬೇಸಿಗೆಯ ಬಿಸಿಲು, ಚಳಿಗಾಲದ ಒಣಗಾಳಿ, ಗೊಬ್ಬರ ಮತ್ತು ಪೀಡೆನಾಶಕಗಳ ಸೋಂಕು ಇವೆಲ್ಲವನ್ನೂ ಮೊದಲು ಎದುರಿಸುವುದು ಚರ್ಮವೇ. ನಲವತ್ತು ದಾಟುವ ವೇಳೆಗೆ ಅಂಗೈ ಒರಟಾಗುವುದು, ಹಿಮ್ಮಡಿ ಒಡೆಯುವುದು, ಮುಖ ಹಾಗೂ ಕತ್ತಿನ ಮೇಲೆ ಸುಕ್ಕು, ಕಪ್ಪುಕಲೆ ಮೂಡುವುದು ಸಾಮಾನ್ಯ. ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಒಡೆದ ಚರ್ಮದ ಮೂಲಕ ರೋಗಾಣುಗಳು ಒಳಸೇರುತ್ತವೆ. ಪೀಡೆನಾಶಕಗಳೂ ಗಟ್ಟಿ ಚರ್ಮಕ್ಕಿಂತ ಒಡೆದ ಚರ್ಮದ ಮೂಲಕ ಹೆಚ್ಚು ಸುಲಭವಾಗಿ ದೇಹವನ್ನು ಹೊಗುತ್ತವೆ. ಹಿತ್ತಲಿನಲ್ಲಿ ಬೆಳೆಯಬಹುದಾದ ಎರಡು ಗಿಡಗಳನ್ನು ಇದಕ್ಕೆ ಹೇಗೆ ಬಳಸಬಹುದು, ಅವುಗಳ ಮಿತಿಯೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚರ್ಮ ಕೆಡುವುದು ಹೇಗೆ?

ಚರ್ಮದ ಒಳಪದರದಲ್ಲಿ ಕೊಲಾಜನ್ ಎಂಬ ನಾರಿನಂಥ ಸಸಾರಜನಕ ವಸ್ತುವಿದ್ದು, ಚರ್ಮಕ್ಕೆ ಬಿಗಿಯನ್ನು ಕೊಡುತ್ತದೆ. ವಯಸ್ಸಾದಂತೆ ಇದರ ಉತ್ಪತ್ತಿ ಕಡಿಮೆಯಾಗುತ್ತದೆ. ಚರ್ಮದ ಎಣ್ಣೆಗ್ರಂಥಿಗಳೂ ಮಂದವಾಗುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಈ ಬದಲಾವಣೆ ಬೇಗ ಕಾಣುತ್ತದೆ. ಇದರ ಮೇಲೆ ಬಿಸಿಲಿನ ಅತಿನೇರಳೆ ಕಿರಣಗಳು ಕೊಲಾಜನ್ ಎಳೆಗಳನ್ನು ಕಡಿದುಹಾಕುತ್ತವೆ. ಬಿಸಿಲಿನ ಪಾಲು ಎಷ್ಟೆಂದು ತಿಳಿಯಬೇಕಾದರೆ ನಿಮ್ಮ ಕತ್ತಿನ ಹಿಂಭಾಗವನ್ನೂ ತೋಳಿನ ಒಳಭಾಗವನ್ನೂ ಹೋಲಿಸಿ ನೋಡಿರಿ. ಎರಡರ ವಯಸ್ಸೂ ಒಂದೇ, ಆದರೆ ಒಂದು ಮಾತ್ರ ಮುದಿಯಾಗಿರುತ್ತದೆ.

ಹಿಮ್ಮಡಿ ಒಡೆಯುವುದನ್ನು ರೈತರಿಗೆ ವಿವರಿಸುವುದು ಸುಲಭ. ತೇವ ಆರಿದ ಎರೆಭೂಮಿ ಬಿರುಕು ಬಿಡುವಂತೆ, ನೀರಿನಂಶ ಕಳೆದುಕೊಂಡ ದಪ್ಪ ಚರ್ಮವೂ ಮೈಭಾರಕ್ಕೆ ಸೀಳುತ್ತದೆ. ಒಣಗಿದ ಹೊಲಕ್ಕೆ ಹೊದಿಕೆ ಹಾಕಿದರೆ ತೇವ ಬರುವುದಿಲ್ಲ. ಮಳೆ ಬಿದ್ದ ಮೇಲೆ, ಹಸಿ ಇರುವಾಗಲೇ ಹಾಕಬೇಕು. ಎಣ್ಣೆಯೂ ಹಾಗೆಯೇ. ಒಣಗಿದ ಕಾಲಿಗೆ ಎಣ್ಣೆ ಬಳಿಯುವುದಕ್ಕಿಂತ, ತೊಳೆದು ತೇವ ಪೂರ್ತಿ ಆರುವ ಮೊದಲೇ ಹಚ್ಚಿದರೆ ಗುಣ ಹೆಚ್ಚು.

ಒಂದೆಲಗ

ಮಲೆನಾಡು, ಕರಾವಳಿಗಳ ಗದ್ದೆಯ ಬದುಗಳಲ್ಲಿ ತಾನಾಗಿ ಹಬ್ಬುವ ಈ ಬಳ್ಳಿಯನ್ನು ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಕೆಲವೆಡೆ ಇದನ್ನೂ ಬ್ರಾಹ್ಮಿ ಎಂದೇ ಕರೆಯುವುದರಿಂದ ನೀರುಬ್ರಾಹ್ಮಿಯೊಡನೆ ಗೊಂದಲವಾಗುವುದುಂಟು. ಒಂದೆಲಗದ ಎಲೆ ಮೂತ್ರಪಿಂಡದ ಆಕಾರದಲ್ಲಿದ್ದು, ಉದ್ದ ತೊಟ್ಟಿನ ತುದಿಗೆ ಒಂದೊಂದಾಗಿ ಇರುತ್ತದೆ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಎದುರುಬದುರಾಗಿರುತ್ತದೆ.

ಒಂದೆಲಗದಲ್ಲಿರುವ ಏಷಿಯಾಟಿಕೋಸೈಡ್, ಮೆಡಕ್ಯಾಸೋಸೈಡ್ ಮೊದಲಾದ ಸತ್ವಗಳು ಕೊಲಾಜನ್ ಉತ್ಪತ್ತಿಯನ್ನು ಪ್ರಚೋದಿಸುತ್ತವೆಂದು ಸಂಶೋಧನೆಗಳಿಂದ ತಿಳಿದುಬಂದಿದೆ. ಆದರೆ ಆ ಪರೀಕ್ಷೆಗಳಲ್ಲಿ ಬಳಸುವುದು ಶುದ್ಧಗೊಳಿಸಿದ, ಪ್ರಮಾಣ ನಿಗದಿಪಡಿಸಿದ ಸಾರ. ಹಸಿ ಎಲೆಯಲ್ಲಿ ಇವುಗಳ ಪ್ರಮಾಣ ತಳಿ, ನೆರಳು, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಅರೆದು ಹಚ್ಚಿದ ಕೂಡಲೇ ಸುಕ್ಕು ಮಾಯವಾಗುತ್ತದೆಂದು ನಂಬಬಾರದು.

ಬೇಸಾಯ: ತೇವ ಉಳಿಯುವ, ಸಾವಯವ ಅಂಶವುಳ್ಳ ಮಣ್ಣು ಮತ್ತು ಅರೆನೆರಳು ಇದಕ್ಕೆ ಒಗ್ಗುತ್ತದೆ. ಬಚ್ಚಲಿನ ಬಳಿಯ ತೇವ ಜಾಗ ಸರಿಹೋಗುವುದಾದರೂ ಸಾಬೂನು ನೀರು, ಚರಂಡಿ ನೀರು ಹಾಯಬಾರದು. ಈ ಗಿಡ ಮಣ್ಣಿನಲ್ಲಿರುವ ಭಾರಲೋಹಗಳನ್ನು ಹೀರಿಕೊಳ್ಳುತ್ತದೆ. ಪೀಡೆನಾಶಕ ಸಿಂಪಡಿಸಿದ ಗದ್ದೆಯ ಬದುವಿನ ಸೊಪ್ಪನ್ನೂ ಬಳಸಬಾರದು. ಬೇರುಬಿಟ್ಟ ಗೆಣ್ಣುಗಳಿರುವ ಬಳ್ಳಿಯ ತುಂಡುಗಳನ್ನು 30 ಸೆಂ.ಮೀ. ಅಂತರದಲ್ಲಿ, ಮಳೆಗಾಲದ ಆರಂಭದಲ್ಲಿ ನೆಡಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಸುಮಾರು 3 ತಿಂಗಳಿಗೆ ಮೊದಲ ಕೊಯ್ಲಿಗೆ ಬರುತ್ತದೆ. ಸೊಪ್ಪನ್ನು ನೆರಳಿನಲ್ಲಿಯೇ ಒಣಗಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ದಿವ್ಯ, ಅರ್ಕಾ ಪ್ರಭಾವಿ ಎಂಬ ಎರಡು ತಳಿಗಳನ್ನು ಹೊರತಂದಿದೆ. ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೆಚ್ಚು ಕ್ಷೇತ್ರದಲ್ಲಿ ಬೆಳೆಯುವುದು ತರವಲ್ಲ.

ಒಡೆದ ಹಿಮ್ಮಡಿಗೆ ಮುಲಾಮು

ಬೇಕಾಗುವ ಸಾಮಗ್ರಿ: ಕೊಬ್ಬರಿ ಎಣ್ಣೆ 100 ಗ್ರಾಂ, ಶುದ್ಧ ಜೇನುಮೇಣ 20 ಗ್ರಾಂ, ಅರೆದ ಒಂದೆಲಗದ ಸೊಪ್ಪು 25 ಗ್ರಾಂ.

1. ಸೊಪ್ಪನ್ನು ಚೆನ್ನಾಗಿ ತೊಳೆದು, ಅರೆದು, ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ನೀರಿನಂಶ ಪೂರ್ತಿ ಹೋಗುವವರೆಗೆ ಕಾಯಿಸಬೇಕು. ಚಟಚಟ ಸದ್ದು ನಿಂತರೆ ಹದ ಬಂದಂತೆ. ನೀರು ಉಳಿದರೆ ಬೂಷ್ಟು ಹಿಡಿಯುತ್ತದೆ, ಸೊಪ್ಪು ಕರಕಲಾಗಲೂಬಾರದು.
2. ಒಣಗಿದ ತೆಳುಬಟ್ಟೆಯಲ್ಲಿ ಸೋಸಬೇಕು.
3. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೇಣವನ್ನು ಕರಗಿಸಿ, ಎಣ್ಣೆಯೊಡನೆ ಬೆರೆಸಬೇಕು. ಮೇಣವನ್ನು ನೇರ ಉರಿಯ ಮೇಲಿಡಬಾರದು.
4. ಒಣಗಿದ, ಅಗಲ ಬಾಯಿಯ ಡಬ್ಬಿಗೆ ತುಂಬಿ ಆರಲು ಬಿಡಬೇಕು.

ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ 15 ನಿಮಿಷ ಕಾಲಿಟ್ಟು, ದಪ್ಪ ಚರ್ಮವನ್ನು ಮೆಲ್ಲಗೆ ಉಜ್ಜಿ, ಒರೆಸಿ, ತೇವವಿರುವಾಗಲೇ ಮುಲಾಮು ಹಚ್ಚಿ ಹಳೆಯ ಕಾಲುಚೀಲ ಧರಿಸಬೇಕು. ಒಂದೆಲಗದ ಸತ್ವಗಳು ಎಣ್ಣೆಯಲ್ಲಿ ಸುಲಭವಾಗಿ ಕರಗವು. ಇಲ್ಲಿ ತೇವವನ್ನು ಹಿಡಿದಿಡುವ ಮುಖ್ಯ ಕೆಲಸ ಎಣ್ಣೆ ಮತ್ತು ಮೇಣದ್ದು. ಸೊಪ್ಪು ಸಿಗದವರು ಬರಿಯ ಎಣ್ಣೆ, ಮೇಣಗಳಿಂದಲೇ ತಯಾರಿಸಬಹುದು. ರಕ್ತ, ಕೀವು ಇರುವ ಗಾಯಕ್ಕೆ ಇದನ್ನಾಗಲಿ ಹಸಿ ಸೊಪ್ಪನ್ನಾಗಲಿ ಹಚ್ಚಬಾರದು.

ಲೋಳೆಸರ

ಬಿಸಿಲಿಗೆ ಕೆಂಪಾಗಿ ಉರಿಯುವ ಚರ್ಮಕ್ಕೆ ಲೋಳೆಸರದ ಲೋಳೆ ತಂಪು ನೀಡುತ್ತದೆ. ಇದರಲ್ಲಿ ಶೇ. 98ಕ್ಕೂ ಹೆಚ್ಚು ಭಾಗ ನೀರೇ. ಉಳಿದದ್ದರಲ್ಲಿ ಚರ್ಮದ ಮೇಲೆ ತೆಳುಪೊರೆಯಾಗಿ ನಿಲ್ಲುವ ಅಂಟುಪದಾರ್ಥಗಳಿವೆ. ನೀರು ಬಸಿದುಹೋಗುವ ಮರಳುಮಿಶ್ರಿತ ಮಣ್ಣಿನಲ್ಲಿ ಮರಿಗಳನ್ನು 60 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಹೆಚ್ಚಿನ ಆರೈಕೆಯಿಲ್ಲದೆ ಬೆಳೆಯುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ಕೊಳೆಯುತ್ತದೆ.

ಬಲಿತ ಹೊರ ಎಲೆಯನ್ನು ಕತ್ತರಿಸಿ, ಕೊಯ್ದ ಭಾಗ ಕೆಳಗಾಗುವಂತೆ 15 ನಿಮಿಷ ನಿಲ್ಲಿಸಬೇಕು. ಆಗ ಸೋರುವ ಹಳದಿ ಹಾಲಿನಲ್ಲಿ ಅಲೋಯಿನ್ ಎಂಬ ವಸ್ತುವಿದ್ದು, ಅದು ತುರಿಕೆ ತರಬಲ್ಲದು. ಹಲವರು ಈ ಹಂತವನ್ನು ಬಿಟ್ಟು ತೊಂದರೆಪಡುತ್ತಾರೆ. ಅನಂತರ ತೊಳೆದು, ಸಿಪ್ಪೆ ತೆಗೆದು, ತಿಳಿ ಲೋಳೆಯನ್ನು ಅದೇ ದಿನ ಬಳಸಬೇಕು. ಇದು ಬಿಸಿಲನ್ನು ತಡೆಯುವುದಿಲ್ಲ. ಕೆಲಸ ಮುಗಿಸಿ ಬಂದ ಮೇಲೆ ಹಚ್ಚತಕ್ಕದ್ದು.

ಗಮನಿಸಬೇಕಾದ ಅಂಶಗಳು

* ಯಾವುದೇ ಮೂಲಿಕೆಯನ್ನು ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ 2 ದಿನ ನೋಡಬೇಕು. ಗಿಡಮೂಲಿಕೆಯೆಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುವುದಿಲ್ಲ. ಕಾಂಗ್ರೆಸ್ ಕಳೆಯೂ ಗಿಡವೇ. ಅದರಿಂದಾಗುವ ಚರ್ಮದುರಿತ ಎಲ್ಲರಿಗೂ ತಿಳಿದದ್ದೇ.
* ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬಾರದು. ಬೊಬ್ಬೆ ಎದ್ದು ಕಪ್ಪುಕಲೆ ಉಳಿಯುತ್ತದೆ.
* ಪೀಡೆನಾಶಕ ಸಿಂಪಡಿಸುವ ಮುನ್ನ ಎಣ್ಣೆ, ಮುಲಾಮು ಹಚ್ಚಿಕೊಳ್ಳಬಾರದು. ಕೈಗವಸು, ತುಂಬುತೋಳಿನ ಅಂಗಿ, ಬೂಟು ಧರಿಸಿ, ಕೆಲಸ ಮುಗಿದೊಡನೆ ಸಾಬೂನಿನಿಂದ ತೊಳೆದುಕೊಳ್ಳಬೇಕು.
* ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ತೀಕ್ಷ್ಣವಾದುದು. ಕತ್ತು, ಕಿವಿ ಮುಚ್ಚುವಂತೆ ಟವೆಲು ಸುತ್ತಿಕೊಳ್ಳುವುದು ಯಾವ ಮುಲಾಮಿಗಿಂತಲೂ ಅಗ್ಗದ, ಮೇಲಾದ ರಕ್ಷಣೆ.
* ಮುಖ ಬೆಳ್ಳಗಾಗುವುದೆಂದು ಸ್ಟಿರಾಯ್ಡ್ ಮುಲಾಮುಗಳನ್ನು ಹಚ್ಚುವ ಅಭ್ಯಾಸ ಹಳ್ಳಿಗಳಿಗೂ ಬಂದಿದೆ. ಇವು ಚರ್ಮವನ್ನು ತೆಳುವಾಗಿಸುತ್ತವೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು.
* ಮಹಿಳಾ ಸಂಘಗಳು ಮುಲಾಮನ್ನು ತಯಾರಿಸಿ ಮಾರುವುದಾದರೆ 1940ರ ಔಷಧಿ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಂತೆ ಪರವಾನಗಿ ಪಡೆಯಬೇಕು.

ವೈದ್ಯರಲ್ಲಿಗೆ ಯಾವಾಗ?

ಸಕ್ಕರೆ ಕಾಯಿಲೆಯವರು ಕಾಲಿನ ಸಣ್ಣ ಸೀಳನ್ನೂ ಅಲಕ್ಷಿಸಬಾರದು. ಅವರಿಗೆ ನೋವು ತಿಳಿಯದಿರಬಹುದು, ಗಾಯ ಬಲಿತು ಕಾಲನ್ನೇ ಕಳೆದುಕೊಳ್ಳುವ ಸಂದರ್ಭ ಬರಬಹುದು. ಸ್ಪರ್ಶ ತಿಳಿಯದ ಮಚ್ಚೆ ಕುಷ್ಠರೋಗದ ಲಕ್ಷಣವಿರಬಹುದು; ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯುಂಟು, ಪೂರ್ತಿ ವಾಸಿಯೂ ಆಗುತ್ತದೆ. ಒಂದು ತಿಂಗಳಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಕಪ್ಪುಮಚ್ಚೆ ಇವುಗಳಿಗೆ ಮನೆಮದ್ದು ಮಾಡುತ್ತ ಕಾಲ ಕಳೆಯಬಾರದು.

ವಿಸ್ತರಣಾ ಕಾರ್ಯಕರ್ತರು ಸಿಂಪರಣಾ ತರಬೇತಿಯ ದಿನವೇ ರೈತರ ಅಂಗೈ, ಅಂಗಾಲುಗಳನ್ನೂ ನೋಡಿ ಈ ಮುಲಾಮಿನ ತಯಾರಿಕೆಯನ್ನು ಮಾಡಿ ತೋರಿಸಬಹುದು. ಒಡೆದ ಕೈಯವರಿಗೆ ಅದು ವಾಸಿಯಾಗುವವರೆಗೆ ಸಿಂಪರಣೆಯ ಕೆಲಸವನ್ನು ವಹಿಸದಂತೆ ಮನೆಯವರಿಗೆ ತಿಳಿಹೇಳುವುದೂ ಅವರ ಕರ್ತವ್ಯ.