ತೇರು ಕದಲುವಾಗ ಬನ್ನಿ: ಭಟ್ಕಳದಿಂದ ಕುಮಟೆಯವರೆಗೆ

ಮೊದಲು ಪಂಚಾಂಗ ನೋಡಿ, ಆಮೇಲೆ ಟಿಕೆಟ್ ತೆಗೆಸಿ. ಕಡಲಿಗಾಗಿ ಬರುವವರಿಗೆ ಯಾವ ವಾರಾಂತ್ಯವೂ ಆದೀತು. ಈ ಸೀಮೆಯ ಬಣ್ಣದ ಕಲೆಗೆ ಮಾತ್ರ ತಿಥಿ ಇದೆ. ತೇರು, ಸುಗ್ಗಿ, ಯಕ್ಷಗಾನ ಮೂರೂ ಚಲಿಸಿದರೆ ಮಾತ್ರ ಜೀವ ತಳೆಯುವಂಥವು.

ಇಲ್ಲಿನ ಕರಕುಶಲದ ಹಿಂದೆ ವಲಸೆಯ ಕತೆಯೂ ಉಂಟು. ಕುಮಟಾ, ಹೊನ್ನಾವರ, ಶಿರಸಿ, ಸಾಗರದ ಗುಡಿಗಾರರು ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಬಂದವರು ಎಂಬುದು ತಲೆಮಾರುಗಳಿಂದ ಬಂದ ಮಾತು. ಶ್ರೀಗಂಧದ ಕೆತ್ತನೆಗೆ ಹೆಸರಾದ ಈ ಕೈಗಳೇ ಬೆಂಡಿನ ಬಾಸಿಂಗವನ್ನೂ ಚೌತಿಯ ಮಣ್ಣಿನ ಗಣಪತಿಯನ್ನೂ ಮಾಡುತ್ತವೆ. ಚೌತಿಗೆ ಮುಂಚಿನ ವಾರಗಳಲ್ಲಿ ಬಂದರೆ ಗಣಪತಿಗೆ ಬಣ್ಣ ಕೊಡುವುದನ್ನು ನೋಡಬಹುದು. ಆದರೆ ಆಗ ಮಳೆಗಾಲ. ಕೊಡೆ ಬಿಟ್ಟು ಬರಬೇಡಿ.

ತೇರುಗಳ ಸಾಲು ಜನವರಿಯಲ್ಲಿ ಮುರ್ಡೇಶ್ವರದಿಂದ ಶುರು. ಅಲ್ಲಿನ 123 ಅಡಿಯ ಶಿವನ ಎದುರು ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ನನ್ನನ್ನು ಕೇಳಿದರೆ ಆ ಅಲ್ಲಾಡದ ಶಿವನಿಗಿಂತ ಕೆಳಗೆ ತೂಗಾಡುತ್ತ ಹೊರಡುವ ತೇರೇ ಮೇಲು. ರಥಸಪ್ತಮಿಗೆ ಇಡಗುಂಜಿ, ಶಿವರಾತ್ರಿಯ ಬೆನ್ನಿಗೇ ಕುಮಟಾ ತಾಲ್ಲೂಕಿನ ಗೋಕರ್ಣ, ರಾಮನವಮಿಗೆ ಭಟ್ಕಳದ ಚೆನ್ನಪಟ್ಟಣ ಹನುಮಂತ. ಭಟ್ಕಳದಲ್ಲಿ ತೇರಿಗೆ ಮೊದಲು ದೇವಸ್ಥಾನದವರು ಊರಿನ ಮುಸ್ಲಿಂ ಮನೆತನಕ್ಕೆ ಹೋಗಿ ಕರೆಯುವ ರೂಢಿ ಇವತ್ತಿಗೂ ಇದೆ.

ತೇರು ಕಟ್ಟುವುದನ್ನು ನೋಡಲು ಒಂದೆರಡು ದಿನ ಮೊದಲೇ ತಲುಪುವುದು ಲೇಸು. ತೇರಿನ ಕೆಳಗಿನ ಕೆತ್ತನೆಯ ಮರದ ಭಾಗ ವರ್ಷವಿಡೀ ಇರುತ್ತದೆ; ಮೇಲಿನ ದುಂಡನೆಯ ಗೂಡನ್ನು ಜಾತ್ರೆಗೆಂದೇ ಬಿದಿರು, ಅಡಿಕೆ ದಬ್ಬೆಗಳಿಂದ ಕಟ್ಟಿ, ಸುತ್ತ ಬಣ್ಣಬಣ್ಣದ ಪತಾಕೆ ತೊಡಿಸುತ್ತಾರೆ. ನಕ್ಷೆ ಗಿಕ್ಷೆ ಏನೂ ಇಲ್ಲ, ಎಲ್ಲ ಕೈ ಅಂದಾಜು. ಎಳೆಯುವಾಗ ಹಗ್ಗದವರಷ್ಟೇ ಮುಖ್ಯ ಚಕ್ರದ ಬಳಿ ಇರುವವರು: ಮರದ ತುಂಡನ್ನು ಅಡ್ಡ ಕೊಟ್ಟು ತೇರನ್ನು ತಿರುಗಿಸುವುದೂ ನಿಲ್ಲಿಸುವುದೂ ಅವರೇ. ಹಾಗಾಗಿ ಚಕ್ರದ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಗೋಕರ್ಣದಲ್ಲಿ ತೇರಿನತ್ತ ಬಾಳೆಹಣ್ಣು ಎಸೆಯುತ್ತಾರೆ. ಕ್ಯಾಮೆರಾಕ್ಕೆ ಹೊದಿಕೆ ಇರಲಿ.

ಹೋಳಿ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಕುಮಟಾ, ಹೊನ್ನಾವರದ ಹಳ್ಳಿಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ತಲೆಯ ಮೇಲೆ ಬಣ್ಣದ ದೊಡ್ಡ ತುರಾಯಿ, ಕೈಯಲ್ಲಿ ಕುಂಚ; ತಂಡ ಮನೆಮನೆಗೆ ಬರುತ್ತದೆ. ಅದಕ್ಕೆ ಟಿಕೆಟ್ಟಿಲ್ಲ, ವೇಳಾಪಟ್ಟಿಯೂ ಇಲ್ಲ. ಉಳಿದುಕೊಂಡ ಮನೆಯವರನ್ನೋ ರಿಕ್ಷಾದವರನ್ನೋ ವಿಚಾರಿಸಿ. ಫೋಟೊಕ್ಕೆ ಮೊದಲು ಕೇಳಿ. ಮನೆಯವರು ಕಾಣಿಕೆ ಕೊಡುವ ಪದ್ಧತಿ ಇದೆ, ನೀವೂ ಕೊಡಿ.

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಯಕ್ಷಗಾನ ಮೇಳದ ನೆಲೆ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಮೇಳವಿದು. ಮಗ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿ ಜಾತ್ರೆಯ ಆಟದಲ್ಲೇ ಅಸ್ವಸ್ಥರಾಗಿ ತೀರಿಕೊಂಡರು. ಆಟ ಇದ್ದರೆ ಬೇಗ ಹೋಗಿ, ಅನುಮತಿ ಪಡೆದು ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಿ. ರಂಗಸ್ಥಳದಲ್ಲಿ ಕಾಣುವುದರ ಅರ್ಧ ಗುಟ್ಟು ಅಲ್ಲಿದೆ.

ಹಗಲು ಬಿಡುವಿದ್ದರೆ ಮೂಡಭಟ್ಕಳಕ್ಕೆ ಹೋಗಿ; ಅಲ್ಲಿನ ಕೇತಪೈ ನಾರಾಯಣ ದೇವಸ್ಥಾನದ ಹೊರಗೋಡೆಯಲ್ಲಿ ಕಲ್ಲಿನಲ್ಲಿ ಕೆತ್ತಿದ ರಾಮಾಯಣ ಸಾಕಷ್ಟು ಹೊತ್ತು ಹಿಡಿದು ನಿಲ್ಲಿಸುತ್ತದೆ.

ಕೊಂಕಣ ರೈಲಿಗೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ನಿಲ್ದಾಣಗಳಿವೆ. ಎಲ್ಲ ರೈಲೂ ಎಲ್ಲೆಡೆ ನಿಲ್ಲುವುದಿಲ್ಲ. ಭಟ್ಕಳದಿಂದ ಹೊನ್ನಾವರ ಸುಮಾರು 40 ಕಿ.ಮೀ., ಅಲ್ಲಿಂದ ಕುಮಟೆಗೆ ಇನ್ನು 20. ಹೆದ್ದಾರಿ 66ರಲ್ಲಿ ಬಸ್ಸುಗಳು ಸಿಗುತ್ತಲೇ ಇರುತ್ತವೆ. ಶಿವರಾತ್ರಿಗೆ ಗೋಕರ್ಣದಲ್ಲಿ ಕೋಣೆ ಸಿಗದಿದ್ದರೆ ಕುಮಟೆಯಲ್ಲಿ ಉಳಿಯಿರಿ. ರಾಮನವಮಿ ಹೊತ್ತಿಗೆ ಬಂದವರು ಸೆಕೆಗೆ ಸಿದ್ಧರಾಗಿರಿ. ಹತ್ತಿ ಬಟ್ಟೆ, ನೀರು, ಊಟಕ್ಕೆ ಅಪ್ಪೆಹುಳಿ. ವಾಪಸಾಗುವಾಗ ಕುಮಟೆಯ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಮಾರಾಟಕ್ಕಿದ್ದರೆ ಚೌಕಾಸಿ ಮಾಡಿಯೇ ಕೊಳ್ಳಿ.